ವಿಮಾನದಲ್ಲಿ ನನಗೆ ನಿದ್ದೆ ಹತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ನಾಲಿಗೆ ಅಷ್ಟು ಒಳ್ಳೆಯದಲ್ಲ. ಸಂಪಗಾಂವದ ಸಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದನೆಯ ಇಯತ್ತೆಯ ಮಕ್ಕಳಿಗೆ ಅ ಆ ಇ ಈ ಕಲಿಸಿದ್ದೇನೆ. ಅಷ್ಟು ವರ್ಷ ಕೂಗಿದವಳ ದನಿ ಮನೆಗೆ ಬಂದ ಕೂಡಲೇ ಮೆತ್ತಗಾಗುತ್ತದೆಯೇ? ನಾನು ಬಾಯಿ ತೆರೆದರೆ ಸಾಕು, ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಹತ್ತಿ ಪೇಟೆಯ ಕಡೆ ಹೊರಟುಬಿಡುತ್ತಾರೆ. ಅಂಥವಳು ವಿಮಾನದಲ್ಲಿ, ಹೊಟ್ಟೆಯ ಮಗಳು ಮೂರು ಸಲ ಕರೆದರೂ ತುಟಿ ಪಿಟಕ್ಕೆನ್ನದೆ ಕೂತಿದ್ದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ.

ಮಗಳು ಮೀನಾ ಚೊಚ್ಚಲ ಬಾಣಂತನಕ್ಕೆ ಬೈಲಹೊಂಗಲಕ್ಕೆ ಬಂದಿದ್ದಳು. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅದರ ಬೆನ್ನಿಗೇ ಕಾಮಾಲೆ. ಎರಡು ತಿಂಗಳು ಆಕೆಗೆ ತನ್ನ ತಲೆ ತಾನು ಎತ್ತುವ ತ್ರಾಣವಿರಲಿಲ್ಲ. ಹೀಗಾಗಿ ಕೂಸು, ನಮ್ಮ ಬಸಲಿಂಗ, ಬೆಳೆದದ್ದೆಲ್ಲ ನನ್ನ ತೊಡೆಯ ಮೇಲೆ. ಬಚ್ಚಲಲ್ಲಿ ಕಾಲು ನೀಡಿ ಕೂತು, ಅವನನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬಿಸಿನೀರು ಎರೆಯುತ್ತಿದ್ದೆ. ಲೋಬಾನದ ಹೊಗೆ ಹಿಡಿದು, ತಲೆಗೆ ಕುಂಚಿಗೆ ಕಟ್ಟಿ, ಕೌದಿಯಲ್ಲಿ ಸುತ್ತಿ ಮಲಗಿಸಿದರೆ ಎರಡು ತಾಸು ಗಪ್‌ಚಿಪ್. ಆ ಲೋಬಾನದ ವಾಸನೆಗೆ ನನಗೆ ರಾಮದುರ್ಗದ ತವರುಮನೆ ನೆನಪಾಗುತ್ತಿತ್ತು. ನನ್ನ ಅವ್ವ ಸೋಮವ್ವ ಮೀನಾಳನ್ನು ಇದೇ ಥರ ಕಾಲ ಮೇಲೆ ಹಾಕಿಕೊಂಡು ಎರೆದವಳು. ಅವ್ವ ಹೋಗಿ ಎಂಟು ವರ್ಷವಾಯಿತು. ಕೂಸಿನ ಬೆನ್ನು ತಿಕ್ಕುವಾಗ ಎಷ್ಟೋ ಸಲ ನನಗೆ ಆಕೆಯ ಕೈಯೇ ಕಂಡಂತಾಗಿ ಕಣ್ಣು ತುಂಬಿ ಬರುತ್ತಿದ್ದವು.

ಮೀನಾ ಮಾತ್ರ ಕೂಸಿಗೆ ಹಾಲು ಕುಡಿಸಿದವಳೇ "ಅವ್ವಾ, ತಗೋ" ಎಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಮೈಯಲ್ಲಿ ಶಕ್ತಿ ಬಂದ ಮೇಲೂ ಅದೇ ರೂಢಿ. ಒಂದು ದಿನ ಅತ್ತುಕೊಂಡು ಹೇಳಿದಳು:

"ನಾ ಎತಗೊಂಡ್ರ ಅಳತಾನ, ನೀ ಎತಗೊಂಡ್ರ ಸುಮ್ಮನಾಗತಾನ. ನಾ ಅವಂಗ ಬ್ಯಾಡಾಗೇನಿ ಅವ್ವಾ."

"ಹುಚ್ಚಿ ಅದಿ ಏನು? ಹಡದಾಕಿ ಬ್ಯಾಡಾಗತಾಳೇನ ಎಲ್ಲ್ಯಾರ?" ಎಂದು ಬೈದೆ. ಬೈದು, ಅಳುವ ಕೂಸನ್ನು ನಾನೇ ಎತ್ತಿಕೊಂಡೆ. ನಾನು ಮಾಡಿದ ತಪ್ಪು ಅದೇ, ಆಗ ತಿಳಿಯಲಿಲ್ಲ.

ಐದನೆಯ ತಿಂಗಳಿಗೆ ಕೂಸನ್ನು ತಂದೆಯ ಮನೆಗೆ ಕಳಿಸಬೇಕು, ಅದು ನಮ್ಮ ಪದ್ಧತಿ. ಅಳಿಯ ಶ್ರೀಶೈಲ ಹೈದರಾಬಾದಿನಲ್ಲಿ ರೇಲ್ವೆ ವರ್ಕ್‌ಶಾಪಿನಲ್ಲಿದ್ದಾನೆ. ರೈಲಿನಲ್ಲಿ ಕೂಸಿಗೆ ತ್ರಾಸಾಗುತ್ತದೆಂದು ಬೆಳಗಾವಿಯಿಂದ ವಿಮಾನದ ಟಿಕೆಟ್ ತೆಗೆಸಿದ್ದ. ಬಾಣಂತನಕ್ಕೆಂದು ರಜೆ ಹಾಕಿ ಹಾಕಿ ನನಗೆ ಉಳಿದದ್ದು ನಾಲ್ಕೇ ದಿನ. ಸೋಮವಾರ ನಾನು ಸಾಲೆಯಲ್ಲಿರಬೇಕು. ಅಲ್ಲಿಂದ ಮುಂದೆ ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ಇಬ್ಬರೇ: ಅಳುವ ಕೂಸು, ಅಂಜುವ ತಾಯಿ. ಈ ಹುಡುಗಿ ಹೇಗೆ ಮಾಡೀತು ಎಂದು ನಾನು ಚಿಂತೆ ಮಾಡುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ನನ್ನ ಗಂಟು ಬಿಚ್ಚಿಸಿದಳು. ಬಜೆ, ಅಳಲೆಕಾಯಿ, ಜಾಯಿಕಾಯಿ, ಅವನ್ನು ತೇಯುವ ಅಂಗೈಯಗಲದ ಕಲ್ಲು ಒಂದೊಂದೇ ಹೊರಗೆ ಬಂದವು.

"ಇದೇನ್ರಿ ಅಜ್ಜಿ, ಕಲ್ಲು?"

"ಗುಟ್ಟಿ ತೇಯೂ ಕಲ್ಲವ್ವಾ. ನಿಮ್ಮವ್ವನೂ ಇಂಥಾದ್ರಾಗ ತೇದು ನೆಕ್ಕಿಸಿರಬೇಕು, ಅದಕ್ಕ ಇಷ್ಟು ಗಟ್ಟಿಮುಟ್ಟ ಅದಿ. ಮತ್ತ ಅಜ್ಜಿ ಅನಬ್ಯಾಡ, ನಂದಿನ್ನೂ ರಿಟೈರ್‌ಮೆಂಟ್ ಆಗಿಲ್ಲ."

ಆಕೆ ನಕ್ಕು ಚೀಲವನ್ನು ಮುಂದೆ ದೂಡಿದಳು.

ಒಳಗೆ ನನಗೂ ಮೀನಾಗೂ ನಡುವಿನ ದಾರಿಯ ಆಚೆ ಒಂದು, ಈಚೆ ಒಂದು ಸೀಟು. ಕೈ ಚಾಚಿದರೆ ಮುಟ್ಟುವಷ್ಟು ದೂರ. ಕೂಸನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಗಗನಸಖಿ ಬಂದು, ಕೂಸಿನ ಹೆಸರು ತಾಯಿಯ ಟಿಕೆಟ್ಟಿನಲ್ಲಿದೆ, ಏರುವಾಗಲೂ ಇಳಿಯುವಾಗಲೂ ಅದು ತಾಯಿಯ ಹತ್ತಿರವೇ ಇರಬೇಕು ಎಂದು ಕೂಸನ್ನು ಮೀನಾಳ ತೊಡೆಗೆ ಕೊಡಿಸಿ, ಕೂಸಿಗೆ ಕಟ್ಟುವ ಪುಟ್ಟ ಪಟ್ಟಿಯನ್ನು ಮೀನಾಳ ಸೊಂಟದ ಪಟ್ಟಿಗೆ ಸಿಕ್ಕಿಸಿದಳು. ಅಯ್ಯ ಶಿವನೇ, ತೊಡೆಗೂ ಟಿಕೆಟ್ಟೇ! ನಾಲ್ಕು ಮಾತು ಅಂದೆ. ಆಕೆ ನಗುನಗುತ್ತಲೇ ನನ್ನ ಪಟ್ಟಿಯನ್ನೂ ಬಿಗಿದು ಹೋದಳು.

ನಮ್ಮ ಕಾಲದಲ್ಲಿ ಕೂಸನ್ನು ಎತ್ತಿಕೊಂಡು ಹೊರಟರೆ ಕೆಂಪು ಬಸ್ಸು. ಕೂಸು ಹತ್ತಿತೆಂದರೆ ಇಡೀ ಬಸ್ಸಿಗೆ ಬಸ್ಸೇ ಅದರದು. ಒಬ್ಬಾಕೆ ಎತ್ತಿಕೊಳ್ಳುವಳು, ಇನ್ನೊಬ್ಬಾಕೆ ಕಾಲಿಗೆ ಕರಿದಾರ ಕಟ್ಟಿಲ್ಲವೆಂದು ಬೈಯುವಳು, ಕಂಡಕ್ಟರ್ ಸೀಟಿ ಕೊಟ್ಟು ಆಡಿಸುವನು. ಉಚ್ಚೆ ಹೊಯ್ದ ಅರಿವೆ ಕಿಟಕಿಯ ಸರಳಿಗೆ ಕಟ್ಟಿದರೆ ಊರು ಮುಟ್ಟುವುದರೊಳಗೆ ಒಣಗಿರುತ್ತಿತ್ತು. ಇಲ್ಲಿ ಎಲ್ಲರೂ ಪರೀಕ್ಷೆಗೆ ಕೂತ ಹುಡುಗರ ಹಾಗೆ ಮುಂದೆ ನೋಡುತ್ತ ಕೂತಿದ್ದರು. ನನಗೆ ಆ ಬಸ್ಸುಗಳ ಮೇಲೆ ಬಹಳ ಮನಸ್ಸಾಯಿತು.

ಮೀನಾಳ ಪಕ್ಕ, ಕಿಟಕಿಯ ಕಡೆ ಕೂತವರು ಮಾತ್ರ ನಮ್ಮ ಕಡೆಯವರೇ ಸಿಕ್ಕರು. ಅಂದಾನೆಪ್ಪ ಅಂತ, ಮುನವಳ್ಳಿಯ ವ್ಯಾಪಾರಸ್ಥರು. ವಿಮಾನ ಮೇಲೇರಿ, ಪಟ್ಟಿ ಬಿಚ್ಚಬಹುದು ಎಂದ ಮೇಲೆ ಕೂಸು ಮತ್ತೆ ನನ್ನ ಕೈಗೆ ಬಂದಿತ್ತು. ಕಿವಿಗೆ ಬೈಲಹೊಂಗಲದ ಹತ್ತಿ, ಮೇಲೆ ಕುಂಚಿಗೆ, ಗಾಢ ನಿದ್ದೆ. ಸ್ವಲ್ಪ ಹೊತ್ತಿಗೆ ಅಂದಾನೆಪ್ಪನವರು ಕಿಟಕಿಯ ಗಾಜು ಬಡಿದು, "ಅಗಾ ನೋಡ್ರಿ ಅಕ್ಕಾರ, ನಮ್ಮ ಮಲಪ್ರಭಾ! ಸವದತ್ತಿ ಇಲ್ಲೇ ಬಾಜೂಕ ಬರತೈತಿ" ಎಂದು ಕೂಗಿದರು. ನಾಲ್ಕು ಜನ ತಿರುಗಿ ನೋಡಿದರು. ನಾನು ಬಗ್ಗಿ ನೋಡಿದೆ. ಕೆಳಗೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಹೈದರಾಬಾದ್ ಹತ್ತಿರ ಬಂದಿತು. ಕೂಸನ್ನು ಮತ್ತೆ ಮೀನಾಗೆ ಕೊಡಬೇಕಾಯಿತು. ವಿಮಾನ ಕೆಳಗಿಳಿಯತೊಡಗಿದ್ದೇ ತಡ, ಬಸಲಿಂಗ ಎಚ್ಚರಾಗಿ ಚಿಟ್ಟನೆ ಚೀರಿದ. ಕಿವಿ ನೋಯುತ್ತಿದ್ದವು, ನನ್ನವೇ ನೋಯುತ್ತಿದ್ದವು, ಅದರ ಪಾಡೇನು! ಮುಖ ಕೆಂಪಾಗಿ, ಉಸಿರು ಹಿಡಿದು ಅಳತೊಡಗಿತು. ಮುಂದಿನ ಸೀಟಿನವನು ತಿರುಗಿ ನೋಡಿ ತುಟಿ ವಾರೆ ಮಾಡಿದ. ಮೀನಾ ಗಾಬರಿಯಾಗಿ ಕೂಸಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಲು ಹೋದಳು.

"ಅವ್ವಾ, ತಗೋ!"

ನನ್ನ ಕೈ ಆಗಲೇ ಮುಂದೆ ಹೋಗಿದ್ದವು. ಗಗನಸಖಿಯೂ ತನ್ನ ಸೀಟಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತಿದ್ದಳು, ಯಾರು ತಡೆಯುವವರು? ಆಗ, ಯಾಕೋ ಏನೋ, ಇಪ್ಪತ್ತೆಂಟು ವರ್ಷದ ಹಿಂದಿನ ಸವದತ್ತಿ ಬಸ್ ಸ್ಟ್ಯಾಂಡು ಕಣ್ಣಿಗೆ ಕಟ್ಟಿತು.

ಆಗ ಮೀನಾ ಐದು ತಿಂಗಳ ಕೂಸು. ಅವ್ವ ನಮ್ಮಿಬ್ಬರನ್ನು ರಾಮದುರ್ಗದಿಂದ ಬೈಲಹೊಂಗಲಕ್ಕೆ ಬಿಡಲು ಹೊರಟಿದ್ದಳು. ಮೀನಾ ಅವ್ವನ ತೊಡೆಯ ಮೇಲೆಯೇ ಇತ್ತು, ನಾನು ಬುತ್ತಿಯ ಗಂಟು ಹಿಡಿದುಕೊಂಡು ಕೂತಿದ್ದೆ. ಸವದತ್ತಿಯಲ್ಲಿ ಬಸ್ಸು ನಿಂತಾಗ ಅವ್ವ, "ಕೂಸಿಗಿ ಕಾಸಿದ ನೀರು ತರತೇನಿ, ಹಿಡಿ" ಎಂದು ಕೂಸನ್ನು ನನ್ನ ಮಡಿಲಿಗೆ ಹಾಕಿ ಇಳಿದಳು. ಮರಳಿ ಬರಲಿಲ್ಲ. ಕಂಡಕ್ಟರ್ ಸೀಟಿ ಹೊಡೆದ, ಬಸ್ಸು ಹೊರಟೇಬಿಟ್ಟಿತು. ನಾನು ಕೂಗಿದೆ, ಕೂಸು ಕೂಗಿತು. ಅರ್ಧ ದಾರಿಯವರೆಗೆ ಇಬ್ಬರೂ ಅತ್ತೆವು. ಮುಂದೆ ಹೇಗೋ ಏನೋ, ಅದು ನನ್ನ ಕುಪ್ಪಸ ಹಿಡಿದುಕೊಂಡು ನಿದ್ದೆ ಹೋಯಿತು. ಅವ್ವ ಆಮೇಲಿನ ಬಸ್ಸಿಗೆ ಬಂದಳು. "ಒಂದು ಬಸ್ಸು ಹತ್ತಾಕ ಬರೂದಿಲ್ಲೇನು ನಿನಗ?" ಎಂದು ಅತ್ತೆಯ ಮುಂದೆಯೇ ಹರಿಹಾಯ್ದೆ. "ತಪ್ಪಾತವ್ವಾ, ಹೋಗೇಬಿಡ್ತು" ಎಂದಳು, ಅಷ್ಟೇ. ಆಕೆ ಸಾಯುವವರೆಗೂ ಆ ಬಸ್ಸನ್ನು ಹಿಡಿದು ಆಡಿಕೊಂಡೆ. ಬೀಗರ ಮುಂದೆ, ಮೊಮ್ಮಕ್ಕಳ ಮುಂದೆ, ಎಲ್ಲರ ಮುಂದೆ.

ರಾಮದುರ್ಗದ ಸೀರೆಯ ಗಂಟು ಹೊತ್ತು ವಾರವಾರ ಸವದತ್ತಿ ಸಂತೆ ಮಾಡಿದ ಹೆಣ್ಣುಮಗಳು ಅವ್ವ. ಹೊರಟ ಬಸ್ಸನ್ನು ನಡುರಸ್ತೆಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸುತ್ತಿದ್ದಳು. ಅಂಥವಳಿಗೆ ಬಸ್ಸು ತಪ್ಪುತ್ತದೆಯೇ? ಅಂದು ಕಿಟಕಿಯಿಂದ ಆಕೆಯನ್ನು ನಾನು ನೋಡಿದ್ದೆ. ಕಂಬದ ಹತ್ತಿರ ನಿಂತಿದ್ದಳು. ಕೈಯಲ್ಲಿ ನೀರಿರಲಿಲ್ಲ. ಬಸ್ಸನ್ನೇ ನೋಡುತ್ತಿದ್ದಳು, ಓಡಲಿಲ್ಲ. ಕಣ್ಣಾರೆ ಕಂಡದ್ದು, ಇಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ದಡ್ಡಿ ನಾನು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ದಡ್ಡಿ.

ವಿಮಾನದಿಂದ ನಾನೆಲ್ಲಿ ಇಳಿಯಲಿ? ಚಾಚಿದ ಕೈ ಹಿಂದೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡೆ. ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿದೆ.

"ಅವ್ವಾ! ಅವ್ವಾ, ಏಳ!"

ಕೂಸು ಚೀರುತ್ತಿತ್ತು. ಸೆರಗಿನೊಳಗೆ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ಕೂತೆ.

ಮೂರನೆಯ ಸಲ ಕರೆಯುವಾಗ ಮೀನಾಳ ದನಿ ಒಡೆದಿತ್ತು. "ಅವ್ವಾ, ಇದೇನ ನಿದ್ದಿ ನಿಂದು..."

ಅಂದಾನೆಪ್ಪನವರ ಮಾತು ಕೇಳಿಸಿತು: "ತಂಗೀ, ನನಗ ಆರು ಮಂದಿ ಮೊಮ್ಮಕ್ಕಳದಾರ. ನಾ ಕಿಟಕಿ ಕಡಿ ಮಾರಿ ಮಾಡಿ ಕುಂದ್ರತೇನಿ. ಸೆರಗ ಹೊದ್ದು ಮಲೀಗಿ ಹಚ್ಚಿ ಹಾಲು ಕುಡಸವ್ವಾ. ಗುಟುಕು ನುಂಗಿದ್ರ ಕಿವಿ ಬಿಡತಾವು."

ಬಟ್ಟೆ ಸರಿದ ಸದ್ದು. ಕೂಸು ಹಿಡಿಯಲೊಲ್ಲದು, ಇನ್ನೂ ಜೋರಾಗಿ ಅತ್ತಿತು. ಆಮೇಲೆ ಮೀನಾಳ ಅಳುವೂ ಅದರಲ್ಲಿ ಬೆರೆಯಿತು. ಅಳುತ್ತಲೇ ಆಕೆ ಕೂಸಿನ ಸಂಗಡ ಮಾತಾಡತೊಡಗಿದಳು. ಐದು ತಿಂಗಳಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ.

"ಅಳಬ್ಯಾಡೋ ನಮ್ಮಪ್ಪ... ನನಗೂ ಅಂಜಿಕಿ ಬಂದೈತೋ. ನನಗೇನೂ ತಿಳಿಯೂದಿಲ್ಲೋ. ನಾನೂ ಹೊಸಾಕಿ, ನೀನೂ ಹೊಸಾವ. ಇಬ್ರೂ ಕೂಡಿ ಕಲಿಯೂಣಂತ. ಸಾವಕಾಶ... ಹಾಂ... ಹಂಗ..."

ಅಳು ಬಿಕ್ಕಾಯಿತು. ಬಿಕ್ಕು ನಿಂತಿತು. ಸ್ವಲ್ಪ ಹೊತ್ತಿಗೆ ಗುಟುಕು ನುಂಗುವ ಸದ್ದು ಕೇಳಿಸಿತು. ನನ್ನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಚಕ್ರ ನೆಲಕ್ಕೆ ಬಡಿದು ಎಲ್ಲರೂ ಬೆಚ್ಚಿಬಿದ್ದಾಗಲೇ ನಾನೂ ಬೆಚ್ಚಿದವಳಂತೆ ಕಣ್ಣು ತೆರೆದೆ.

ಹೊರಗೆ ಬಂದ ಮೇಲೆ ಮೀನಾ ಗಂಡನ ಮುಂದೆ ನನ್ನನ್ನು ಸರಿಯಾಗಿ ಝಾಡಿಸಿದಳು. "ಕೂಸು ಆ ಪರಿ ಅಳಾಕ ಹತ್ತೇತಿ, ಈಕಿ ಮನ್ಯಾಗ ಹಾಸಿಗಿ ಹಾಸಿಕೊಟ್ಟಂಗ ಗೊರಕಿ ಹೊಡಿಯಾಕ ಹತ್ತಿದ್ಳು. ಮೊಮ್ಮಗಂಗ ಇಂಥಾ ಆಯಿ ಎಲ್ಲಿ ಸಿಗತಾಳ ಹೇಳ್ರಿ?"

ಗೊರಕೆಯನ್ನಂತೂ ನಾನು ಹೊಡೆದಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಳಿಯ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದದ್ದನ್ನು ಅವನು ಎಂದೂ ಕಂಡವನಲ್ಲ.

ಬಸಲಿಂಗ ತಾಯಿಯ ಹೆಗಲ ಮೇಲೆ ಮಲಗಿದ್ದ. ಕುಂಚಿಗೆ ಸರಿದು ಒಂದು ಕಿವಿಯ ಹತ್ತಿ ಹೊರಗೆ ಬಂದಿತ್ತು. ನಾನು ರೂಢಿಯಂತೆ ಎರಡೂ ಕೈ ಚಾಚಿ, "ತಾ ಇಲ್ಲಿ, ನಿನಗ ಕೈ ಸೋತಿರತಾವು" ಎಂದೆ.

ಮೀನಾ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡವ್ವಾ, ಈಗ ಮಲಗ್ಯಾನ. ನೀ ಎತಗೊಂಡ್ರ ಏಳತಾನ."

ನನಗೆ ಬೇಕಾದದ್ದು ಅದೇ ಆಗಿತ್ತು. ಸೋಮವಾರ ನಾನು ನಿಶ್ಚಿಂತೆಯಿಂದ ಸಾಲೆಗೆ ಹೋಗಬಹುದು. ಆದರೂ ಸುಳ್ಳು ಯಾಕೆ ಹೇಳಲಿ, ಎದೆಯೊಳಗೆ ಚಳ್ ಎಂದಿತು. ಅವ್ವನಿಗೂ ಆ ಕಂಬದ ಹತ್ತಿರ ಹೀಗೇ ಆಗಿದ್ದಿರಬೇಕು, ಪಾಪ. ಖಾಲಿ ಕೈಗಳನ್ನು ಏನು ಮಾಡಬೇಕೋ ತಿಳಿಯದೆ, ಅಳಿಯ ದೂಡುತ್ತಿದ್ದ ಸಾಮಾನಿನ ಗಾಡಿಯನ್ನು ಕಸಿದುಕೊಂಡು ಮುಂದೆ ನಡೆದೆ.