ಅತ್ತೆಯ ಹೆಸರಿನಲ್ಲಿ ಕಾಯಿಲೆ

ಬೆಳಗಿನ ಎಂಟಕ್ಕೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಹುಡುಗಿಗೆ ಎಡಗಿವಿಯ ಕೆಳಗೆ ಗೋಲಿ ಗಾತ್ರದ ಗಂಟೊಂದು ಎದ್ದು ಐದು ತಿಂಗಳಾಗಿತ್ತು. ಕಂಡವರ ಬಟ್ಟೆಗೆಲ್ಲ ಅಳತೆ ತಪ್ಪದೆ ಹೊಲಿಯುವವಳು ತನ್ನ ಕಾಲರನ್ನು ಮಾತ್ರ ತಿಂಗಳಿಗಿಷ್ಟು ಎತ್ತರಿಸಿಕೊಳ್ಳುತ್ತಿದ್ದಳು. ಅದು ಸೋದರತ್ತೆಯ ಅಪ್ಪಣೆ. ತಾಯಿಯಿಲ್ಲದ ಆ ಮನೆಯಲ್ಲಿ ಅತ್ತೆ ಹಾಕಿದ ಗೆರೆಯನ್ನು ಅಪ್ಪನೂ ದಾಟುತ್ತಿರಲಿಲ್ಲ.

"ಮದುವೆ ಮಾತು ಮುಗೀಲಿ, ಆಮೇಲೆ ಆಸ್ಪತ್ರೆ. ಹುಡುಗಿಗೆ ಕಾಯಿಲೆ ಅಂತ ಗೊತ್ತಾದ್ರೆ ಯಾರು ಈ ಕಡೆ ತಲೆ ಹಾಕ್ತಾರೆ?" ಎನ್ನುತ್ತಿದ್ದಳು ಅತ್ತೆ. ಹೆಣ್ಣುಮಕ್ಕಳ ರೋಗ ಮುಚ್ಚಿಡುವುದನ್ನು ನಮ್ಮವರು ಜಾಣತನವೆಂದೇ ತಿಳಿದಿದ್ದಾರೆ; ಮುಚ್ಚಿಟ್ಟ ರೋಗ ಸುಮ್ಮನೆ ಕೂರುವುದಿಲ್ಲವೆಂಬುದು ಮಾತ್ರ ಅವರ ತಲೆಗೆ ಹೋಗುವುದಿಲ್ಲ.

ಗಂಟು ಮೆತ್ತಗಾಗಿ, ದಿನಾ ಸಂಜೆ ಜ್ವರ ಬರತೊಡಗಿದಾಗ ವಿಧಿಯಿಲ್ಲದೆ ಆಸ್ಪತ್ರೆಗೆ ಹೊರಟರು. ಡಾಕ್ಟರು ಕ್ಷಯವಿರಬಹುದೆಂದರು.

"ಕೆಮ್ಮೇ ಇಲ್ವಲ್ಲ ಡಾಕ್ಟ್ರೇ!" ಎಂದು ಅತ್ತೆ ಮೇಲೆಬಿದ್ದಳು.

"ಕ್ಷಯ ಶ್ವಾಸಕೋಶಕ್ಕೇ ಬರ್ಬೇಕು ಅಂತಿಲ್ಲಮ್ಮ. ಕಫ ನೋಡಿದ್ರೆ ಇದು ಗೊತ್ತಾಗಲ್ಲ, ಗಂಟಿನೊಳಗೆ ಇರೋದನ್ನೇ ನೋಡ್ಬೇಕು." ಸೂಜಿ ಚುಚ್ಚಿ ಕೀವು ತೆಗೆದು, ಪುಟ್ಟ ಸೀಸೆಯನ್ನೂ ಹೆಸರು, ವಯಸ್ಸು ತುಂಬಬೇಕಿದ್ದ ಚೀಟಿಯನ್ನೂ ಅತ್ತೆಯ ಕೈಗಿತ್ತು, ಹಿಂದಿನ ಬೀದಿಯ ಲ್ಯಾಬಿಗೆ ಕಳಿಸಿದರು.

ಲ್ಯಾಬಿನ ಸಾಲಿನಲ್ಲಿ ಪರಿಚಯದ ಮುಖ ಕಂಡದ್ದೇ ತಡ, ಅತ್ತೆ ಚೀಟಿಯಲ್ಲಿ ತನ್ನ ಹೆಸರು, ತನ್ನ ವಯಸ್ಸು ಗೀಚಿದಳು. "ನನಗೇನು ಇನ್ನು ಗಂಡು ಹುಡುಕ್ಬೇಕಾ?" ಎಂದು ನಕ್ಕಳು ಕೂಡ.

ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣಲಿಲ್ಲ. ಗಂಟಿನ ಕೀವಿನಲ್ಲಿ ಅವು ವಿರಳವೆಂದು ಬಲ್ಲ ಲ್ಯಾಬಿನಾಕೆ ಅಷ್ಟಕ್ಕೇ ಕೈತೊಳೆದುಕೊಳ್ಳದೆ, ಉಳಿದ ಹನಿಗಳನ್ನು, ಕಣ್ಣಿಗೆ ಸಿಗದ ರೋಗಾಣುವನ್ನೂ ಪತ್ತೆಹಚ್ಚುವ, ಅಲ್ಲಿದ್ದ ಒಂದೇ ಒಂದು ಪರೀಕ್ಷಾ ಯಂತ್ರಕ್ಕೆ ಹಾಕಿದಳು. ಕ್ಷಯವೆಂದು ಬಂತು. ಪಾಪ, ಆಕೆಯ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಮರುದಿನ ಆರೋಗ್ಯ ಕಾರ್ಯಕರ್ತೆ ಮನೆಗೇ ಬಂದು ಅತ್ತೆಯನ್ನು ತೂಕ ಮಾಡಿದಳು: ಎಪ್ಪತ್ತೆಂಟು ಕಿಲೋ. ಗಂಟೆಲ್ಲಿ ಎಂದು ಕೇಳಿದರೆ, "ಇಳಿದುಹೋಯ್ತು" ಎಂದಳು ಅತ್ತೆ. ಆ ತೂಕಕ್ಕೆಂದು ಕೊಟ್ಟ ಮಾತ್ರೆಗಳನ್ನು ಗುಟ್ಟಾಗಿ ನಲವತ್ತು ಕಿಲೋದ ಹುಡುಗಿಗೆ ನುಂಗಿಸಿದಳು. ಮೂರನೆಯ ವಾರಕ್ಕೆ ಹುಡುಗಿಗೆ ನೀರೂ ದಕ್ಕದಾಯಿತು, ಕಣ್ಣು ಹಳದಿಯಾಯಿತು.

"ಮಾತ್ರೆ ಬಿಟ್ಬಿಡು. ನಾಡಿದ್ದು ಗಂಡಿನ ಕಡೆಯವರು ಬರ್ತಾರೆ, ಅಲ್ಲೀವರೆಗೆ ತಡ್ಕೋ," ಎಂದಳು ಅತ್ತೆ.

ಹುಡುಗಿ ಗೋಡೆ ಹಿಡಿದು ಎದ್ದಳು. "ಲ್ಯಾಬಿಗೆ ಹೋಗಿ ನಿಜ ಹೇಳ್ತೀನಿ."

"ನಮ್ಮ ಮಾನ ಏನಾಗ್ಬೇಕು?"

"ನಾನು ಸತ್ರೆ ಮದುವೆ ಯಾರಿಗೆ ಮಾಡ್ತೀರ ಅತ್ತೆ?"

ಅಪ್ಪ ಚಪ್ಪಲಿ ಮೆಟ್ಟಿ, ಮಗಳ ತೋಳು ಹಿಡಿದು ಹೊರಟ. ಅತ್ತೆ ಗೊಣಗುತ್ತಲೇ ಹಿಂದೆ ಬಂದಳು.

ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಅವತ್ತು ಇವರ ಹೆಸರಲ್ಲಿ ಕೊಟ್ಟ ಕೀವು ನಂದು. ಮಾತ್ರೆ ತಿಂದಿದ್ದೂ ನಾನೇ," ಎಂದಳು ಹುಡುಗಿ. ಲ್ಯಾಬಿನಾಕೆ ಅವಳ ಕಣ್ಣು ನೋಡಿದವಳೇ ಡಾಕ್ಟರಿಗೆ ಫೋನ್ ಮಾಡಿದಳು. ತೂಕಕ್ಕೆ ಮೀರಿದ ಮಾತ್ರೆ ಯಕೃತ್ತಿಗೆ ತಾಗಿರಬೇಕು, ಸದ್ಯಕ್ಕೆ ನಿಲ್ಲಿಸಿ, ಈಗಲೇ ಕರೆತನ್ನಿ ಎಂದರು ಡಾಕ್ಟರು. ಆಕೆ ಹೊಸ ಚೀಟಿ ಎಳೆದುಕೊಂಡಳು.

"ಹೆಸರು ಹೇಳಮ್ಮ."

"ಮೆಲ್ಲಗೆ ಹೇಳೇ," ಎಂದು ಅತ್ತೆ ಹಿಂದಿನಿಂದ ತೋಳು ಜಗ್ಗಿದಳು.

ಹುಡುಗಿ ತನ್ನ ಹೆಸರನ್ನೂ, ವಯಸ್ಸನ್ನೂ, ಕಾಯಿಲೆಯನ್ನೂ ಸಾಲಿನ ಕೊನೆಯಲ್ಲಿದ್ದವರಿಗೂ ಕೇಳಿಸುವಂತೆ ಹೇಳಿದಳು.