ಹೆಚ್ಚು ತೂಗಿದ ತೋಟೆ

ನಾನೊಂದು ಹಿತ್ತಾಳೆಯ ಪುಟ್ಟ ತಕ್ಕಡಿ. ಹುಟ್ಟಿದ್ದು ಮೈಸೂರಿನ ಒಬ್ಬ ಕಂಚುಗಾರನ ಕೈಯಲ್ಲಿ, ಬೆಳೆದದ್ದು ವಿರಾಜಪೇಟೆಯ ಅಕ್ಕಸಾಲಿಗರೊಬ್ಬರ ಮಣೆಯ ಮೇಲೆ. ಒಂದು ಗುಲಗಂಜಿ ಹೆಚ್ಚಾದರೂ ನನ್ನ ತಟ್ಟೆ ಬಾಗುತ್ತಿತ್ತು. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಅಕ್ಕಸಾಲಿಗರ ಕಣ್ಣು ಮಂಜಾದಾಗ ನನ್ನನ್ನು ಮಂದಣ್ಣನ ಕೈಗೆ ಕೊಟ್ಟುಬಿಟ್ಟರು.

ಮಂದಣ್ಣನಿಗೆ ಒಂದೇ ಹುಚ್ಚು. ಕೋವಿಯಲ್ಲಿ ಹಾರಿಸಿದ ಹಿತ್ತಾಳೆ ತೋಟೆಗಳನ್ನು ಹೆಕ್ಕಿ ತಂದು, ತೊಳೆದು ಒರೆಸಿ, ಮತ್ತೆ ತಾನೇ ಮದ್ದು ತುಂಬುವುದು. ಅಂಗಡಿಯ ತೋಟೆ ಅವನಿಗೆ ಹೋಟೆಲ್ ಊಟದ ಹಾಗೆ, ರುಚಿಸದು. ಮೂವತ್ತು ವರ್ಷ ಅವನ ಮದ್ದನ್ನು ತೂಗಿದವನು ನಾನೇ. ತೋಟೆಗೊಂದರಂತೆ ಪೊಟ್ಟಣ ಕಟ್ಟಿಟ್ಟು, ಆಮೇಲೆ ತುಂಬುವುದು ಅವನ ಕ್ರಮ. ಆಗ ಯಾರೂ ಅವನನ್ನು ಮಾತಾಡಿಸುವಂತಿಲ್ಲ. "ತಪಸ್ಸಿಗೆ ಕೂತ್ರು," ಎಂದು ಹೆಂಡತಿ ಬೊಳ್ಳವ್ವ ನಗುತ್ತಿದ್ದಳು.

ಒಂದು ವರ್ಷ ಕೈಲ್ ಮುಹೂರ್ತದಂದು, ಅಂದರೆ ಕೊಡವರ ಆಯುಧದ ಹಬ್ಬದಂದು, ಮಗಳು ದೇಚಮ್ಮ ಮೊದಲ ಸಲ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಬೆಳಿಗ್ಗೆ ಮಂದಣ್ಣ ಇಪ್ಪತ್ತು ತೋಟೆ ತುಂಬುತ್ತಿರುವಾಗಲೇ ಅವನ ಸೋದರತ್ತೆ ಚೋಂದವ್ವ ಬಾಗಿಲಿಗೆ ಬಂದರು. ಹಿರಿಯರು ಬಂದಾಗ ಕೊಡವನಾದವನು ಕೂತೇ ಇರುವುದುಂಟೇ? ದಡಬಡ ಎದ್ದು ಕಾಲು ಮುಟ್ಟಿ ನಮಸ್ಕರಿಸಿದ. ಮರಳಿ ಬಂದು, ಕೈಗೆ ಸಿಕ್ಕ ತೋಟೆಗೆ ಮದ್ದು ಹಾಕಿ ಮುಚ್ಚಿದ. ಅದಕ್ಕೆ ಆಗಲೇ ಮದ್ದು ಹಾಕಿಯಾಗಿತ್ತು. ನನಗೆ ಕಂಡಿತು, ಹೇಳಲು ಬಾಯಿಲ್ಲ.

ಕೊನೆಯ ತೋಟೆಗೆ ಪೊಟ್ಟಣವೇ ಉಳಿಯಲಿಲ್ಲ. ಯಾವುದೋ ಒಂದಕ್ಕೆ ಎರಡು ಸಲ ಬಿದ್ದಿದೆ ಎಂದು ಮಂದಣ್ಣನಿಗೆ ಆಗ ಹೊಳೆಯಿತು. ಎರಡು ಪಾಲು ಮದ್ದು ತುಂಬಿದ ತೋಟೆ ಕೋವಿಯನ್ನೇ ಸೀಳಿ, ಹಿಡಿದವರ ಕೈಯನ್ನೂ ಒಯ್ದುಬಿಡುತ್ತದೆ. ಮುಚ್ಚಿದವನ್ನೆಲ್ಲ ಒಂದೊಂದಾಗಿ ನನ್ನ ತಟ್ಟೆಗಿಟ್ಟ. ಹದಿನಾರೂ ಸಮ.

"ಇನ್ನು ಮೂರು ಎಲ್ಲಿ?"

"ದೇಚು ಈಗ ತಾನೆ ತಗೊಂಡು ಹೋದ್ಲಲ್ಲಾ," ಎಂದಳು ಬೊಳ್ಳವ್ವ.

ನನ್ನನ್ನು ಕೆಳಗಿಡುವುದನ್ನೂ ಮರೆತು ಮಂದಣ್ಣ ಮೈದಾನಕ್ಕೆ ಓಡಿದ. ನನ್ನ ತಟ್ಟೆಗಳು ಅವನ ಮೊಣಕಾಲಿಗೆ ಬಡಿಯುತ್ತಿದ್ದವು. ದೇಚಮ್ಮ ಆಗಲೇ ಕೋವಿಯನ್ನು ಭುಜಕ್ಕಿಟ್ಟಿದ್ದಳು.

"ದೇಚೂ, ಹೊಡೀಬೇಡ! ತೋಟೆ ತೆಗಿ!"

ಅವಳ ಜೇಬಿನಲ್ಲಿದ್ದ ಎರಡು ಸಮ ತೂಗಿದವು. ಅವುಗಳಲ್ಲಿ ಒಂದರ ಎದುರು ಕೋವಿಯೊಳಗಿದ್ದುದನ್ನು ಇಟ್ಟೊಡನೆ ನನ್ನ ತಟ್ಟೆ ಕೆಳಗಿಳಿಯಿತು. ಮಂದಣ್ಣ ಹುಲ್ಲಿನ ಮೇಲೆ ಕುಸಿದು ಎಲ್ಲರೆದುರೇ ಅತ್ತ. ಬದುಕಿದೆಯಾ ಬಡಜೀವವೇ ಎನ್ನುವಂಥ ಅಳು.

ಏದುಸಿರು ಬಿಡುತ್ತಾ ಹಿಂದೆಯೇ ಬಂದ ಚೋಂದವ್ವ ಗದರಿದರು: "ಅಲ್ಲ ಮಾರಾಯ, ನನ್ನ ಕಾಲು ಎಲ್ಲಿಗೆ ಓಡಿಹೋಗ್ತಿತ್ತು? ಕೈಲಿದ್ದ ಕೆಲ್ಸ ಮುಗ್ಸಿ ಏಳ್ಬಾರ್ದಿತ್ತಾ?"

ಆಮೇಲೆ ದೇಚಮ್ಮ ಸಮತೂಕದ ತೋಟೆಯಿಂದ ಹೊಡೆದಳು. ಕಾಯಿ ಅಲುಗಲೂ ಇಲ್ಲ. ಅಷ್ಟು ಸಂತೋಷದಿಂದ ಸೋತ ಮನೆಯನ್ನು ನಾನು ಬೇರೆ ಕಂಡಿಲ್ಲ.

ಈಗ ಮನೆಗೆ ಬ್ಯಾಟರಿಯ ತಕ್ಕಡಿ ಬಂದಿದೆ. ನಾನು ಗಾಜಿನ ಬೀರುವಿನಲ್ಲಿದ್ದೇನೆ. ಪಕ್ಕದಲ್ಲಿ ದೇಚಮ್ಮ ಮುಂದಿನ ವರ್ಷಗಳಲ್ಲಿ ಗೆದ್ದ ಕಪ್ಪುಗಳು, ಹೊಳಪೇನು, ಗತ್ತೇನು! ಇರಲಿ ಬಿಡಿ. ಅವನ್ನು ಎತ್ತಿ ಹಿಡಿದ ಎರಡು ಕೈಗಳು ಇಡಿಯಾಗಿ ಉಳಿದದ್ದು ಹೇಗೆಂದು ನನಗೆ ಗೊತ್ತು.