ಏಳನೇ ನಂಬರಿನ ಗುಂಡಿ

"ಎದ್ದೇಳಲೇ ಬೋಳಿಮಗನೆ, ಅದು ಗಿರಾಕಿಗಳು ಕೂರೋ ಕುರ್ಚಿ."

ಮಾರುತೇಶ ಗದರಿದ್ದಕ್ಕೆ ಚೌಡೇಶ್ ಎದ್ದ. ಆ ಕುರ್ಚಿ ಇದ್ದದ್ದು ಚಳ್ಳಕೆರೆಯ ಹೊಸ ಬಡಾವಣೆಯ ಏಳನೇ ನಂಬರಿನ ಮನೆಯ ಹಾಲಿನಲ್ಲಿ. ಆ ಮನೆಗೆ ಕರಾರು ಬರೆದುಕೊಟ್ಟು, ಹೆಂಡತಿಯ ಸರ ಮಾರಿ ಮುಂಗಡ ಕಟ್ಟಿದ್ದ ಗಿರಾಕಿ ಚೌಡೇಶನೇ. ಆದರೆ ಕಟ್ಟಿಸಿದ ಮಾರುತೇಶನಿಗೊಂದು ಆಫೀಸು ಬೇಕಿತ್ತು. ಆ ಸಾಲಿನಲ್ಲಿ ಬಾಗಿಲು ಕಿಟಕಿ ಕೂತಿದ್ದು ಇದೊಂದಕ್ಕೇ. ಹಾಗಾಗಿ ಚೌಡೇಶನಿಗಿಂತ ಮೊದಲು ಮಾರುತೇಶನೇ ಒಕ್ಕಲು ಬಂದಿದ್ದ, ಟೇಬಲ್ಲು, ಫ್ಯಾನು, ತಿಮ್ಮಪ್ಪನ ಫೋಟೋ ಸಮೇತ.

"ನೆಲದ ಮೇಲೆ ಕೂರು. ನೇಯೋರಿಗೆ ಗುಂಡೀಲಿ ಕೂತು ರೂಢಿ ಅಲ್ವೇನಲೇ. ಟೈಲ್ಸ್ ಮೇಲೆ ಕೂತ್ರೆ ನಿಂಗೆ ಪ್ರಮೋಷನ್ನು."

ಚೌಡೇಶ್ ಕುಕ್ಕರುಗಾಲಿನಲ್ಲಿ ಕೂತ. ಹೆಂಡತಿ ನಿರ್ಮಲಾ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ಹೊರಗೆ ದಾದಾಪೀರನ ಟೆಂಪೋದಲ್ಲಿ ಬಿಚ್ಚಿದ ಮಗ್ಗವಿತ್ತು. ಅರ್ಧ ಸೀರೆ ನೇಯ್ದಿದ್ದ ರೇಷ್ಮೆ ಹಾಸುನೂಲು ಹಳೇ ಪಂಚೆ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿತ್ತು. ಅದಕ್ಕಾದರೂ ಸೀಟು ಸಿಕ್ಕಿತ್ತು. ಮೊಳಕಾಲ್ಮೂರಿನ ಬಾಡಿಗೆ ಮನೆಯ ಮಾಲೀಕರು ಬೆಳಿಗ್ಗೆಯೇ ಮಗ್ಗದ ಗುಂಡಿಗೆ ಮಣ್ಣು ತುಂಬಿ ಸಿಮೆಂಟು ಎಳೆಸಿದ್ದರು. ಕಾಲು ಇಳಿಬಿಟ್ಟು ತುಳಿಯಲು ಗುಂಡಿಯಿಲ್ಲದಿದ್ದರೆ ಮಗ್ಗ ಬರೀ ಸೌದೆ. ಇವತ್ತು ಈ ಮನೆ ಸಿಕ್ಕರೆ ನಾಳೆ ಕೆಲಸ, ಇಲ್ಲದಿದ್ದರೆ ಟೆಂಪೋ ಎಲ್ಲಿಗೆ ಹೋಗಬೇಕೆಂದು ದಾದಾಪೀರನಿಗೂ ಗೊತ್ತಿರಲಿಲ್ಲ.

ಮಾರುತೇಶ ಕರಾರು ಬಿಡಿಸಿದ. "ಹನ್ನೆರಡನೇ ಷರತ್ತು. ಯುಗಾದಿಯೊಳಗೆ ರಿಜಿಸ್ಟ್ರಿ ಮಾಡಿಸ್ಕೊಳ್ದಿದ್ರೆ ದಿನಕ್ಕೆ ಐನೂರು ದಂಡ. ಇವತ್ತಿಗೆ ತೊಂಬತ್ನಾಕು ದಿನ. ನಲವತ್ತೇಳು ಸಾವಿರ ಇಟ್ರೆ ರಿಜಿಸ್ಟ್ರಿ, ಕೀ. ಇಲ್ಲಾಂದ್ರೆ ಮುಂಗಡಾನೂ ನಂದೇ, ಮನೇನೂ ನಂದೇ."

"ಖಾತೆ ಬಂದಿದ್ದೇ ನಿನ್ನೆ ಅಲ್ಲೇನ್ರಿ ಸಾವ್ಕಾರ್ರೇ? ಖಾತೆ ಇಲ್ದೆ ಎಲ್ಲಿ ರಿಜಿಸ್ಟ್ರಿ? ಅದನ್ನ ಮಾಡಿಸ್ಬೇಕಾಗಿದ್ದೋರು ನೀವು."

"ನಾನು ತಡ ಮಾಡಿದ್ರೆ ದಂಡ ಅಂತ ಎಲ್ಲೈತೆ, ತೋರ್ಸು."

ಎಲ್ಲೂ ಇರಲಿಲ್ಲ. ಸಹಿ ಹಾಕುವ ದಿನ ಚೌಡೇಶ್ ಆ ಷರತ್ತನ್ನು ಬೆರಳಿಟ್ಟು ಓದಿದ್ದ, ಹೆದರಿರಲಿಲ್ಲ. ಮಗ್ಗದ ಕೇರಿಯಲ್ಲೂ ಗಡುವಿದೆ, ದಂಡವೂ ಇದೆ. ಸೀರೆ ತಡವಾದರೆ ಅಂಗಡಿಯವರು ಕೂಲಿ ಮುರಿದುಕೊಳ್ಳುತ್ತಾರೆ. ಆದರೆ ಎಂಥ ಜುಗ್ಗ ಅಂಗಡಿಯವನಾದರೂ ದಿನ ಎಣಿಸುವುದು ನೂಲು ನೇಕಾರನ ಮನೆ ಮುಟ್ಟಿದ ದಿನದಿಂದ. ಅದನ್ನು ಯಾರೂ ಯಾವ ಕಾಗದದಲ್ಲೂ ಬರೆದಿಲ್ಲ, ಬರೆಯಬೇಕೆಂದು ಯಾರಿಗೂ ತೋಚಿಲ್ಲ. ಮನೆಗೂ ಅದೇ ಲೆಕ್ಕವಿರುತ್ತದೆಂದು ಅವನು ಸಹಿ ಹಾಕಿದ್ದ.

"ನೂಲು ಕೊಡದಂಗೆ ಸೀರೆ ಯಾಕೆ ತಡ ಅಂದಂಗಾತು ನಿಮ್ದು," ಅಂದ.

"ನೂಲು ಗೀಲು ನಿಮ್ಮ ಕೇರೀಲಿ ಇಟ್ಕೊ. ದುಡ್ಡಿಲ್ವಾ? ನಾನೇ ಕೊಡ್ತೀನಿ ತಗೊ, ಬಡ್ಡಿಗೆ. ನನ್ ದುಡ್ಡಲ್ಲೇ ನಂಗೆ ದಂಡ ಕಟ್ಟು. ಯಾವ ಬ್ಯಾಂಕಿನೋನು ಕೊಡ್ತಾನಲೇ ಇಂಥಾ ಸವಲತ್ತು?"

ತನ್ನ ಮಾತಿಗೆ ತಾನೇ ನಕ್ಕು ಬೂಟುಗಾಲಿನಿಂದ ನೆಲ ಕುಟ್ಟಿದ. "ಟೈಲ್ಸಿನ ಬಿಲ್ಲು ಬೇರೆ ಐತೆ. ಮುಖ ನೋಡ್ಕೋಬಹುದು, ಹಂಗೆ ಹೊಳೀತಾವೆ."

ಹಾಲಿಗೆ ಟೈಲ್ಸ್ ಬೇಡ, ಮಗ್ಗಕ್ಕೆ ಮಣ್ಣು ಬಿಡಿ ಎಂದು ಚೌಡೇಶ್ ಮೂರು ಸಲ ಕೇಳಿಕೊಂಡಿದ್ದ. ಮೂರು ಸಲವೂ ಮಾರುತೇಶ ಹೂಂ ಅಂದಿದ್ದ.

ಆಗ ನಿರ್ಮಲಾ ಬಾಯಿ ಬಿಟ್ಟಳು. "ನೀನು ಇಲ್ಲಿ ಕೂತು ಎಷ್ಟು ದಿನಾತು?"

"ಏನಮ್ಮ?"

"ನೀ ಕುರ್ಚಿ ಹಾಕಿದ್ ದಿನದಿಂದ ನಾನೂ ಎಣಿಸ್ಲಾ ಅಂತ."

"ಇದು ನಿಮ್ಮನೆ ಅಂತ ಯಾವಳು ಹೇಳಿದ್ಲು?"

"ನಿನ್ನ ಹನ್ನೆರಡ್ನೇ ಷರತ್ತೇ ಹೇಳ್ತೈತಲ್ಲ. ನಮ್ದಲ್ಲದ ಮನೆಗೆ ನಾವು ತಡವಾಗಿ ಬರೋದು ಹೆಂಗೆ?"

ಮಾರುತೇಶ ಫೈಲಿನ ಹಾಳೆ ತಿರುವಿದ. ನಿರ್ಮಲಾ ಟೆಂಪೋ ಕಡೆ ತಿರುಗಿ ಮನೆಮಾತಿನ ತೆಲುಗಿನಲ್ಲೇ ಕೂಗಿದಳು, "ಪೀರಣ್ಣಾ, ಗಡ್ಡಪಾರ ತೀಸ್ಕೊನಿ ರಾ."

ದಾದಾಪೀರ್ ಹಾರೆ ತಂದು ಗೋಡೆಗೆ ಒರಗಿಸಿ, "ಬಾಡಿಗೆ ಮೀಟ್ರು ಓಡ್ತಾ ಇಲ್ಲ ಭಾಭಿ, ನಿಧಾನಕ್ಕೆ ಮಾಡ್ರಿ," ಅಂದ.

ಚೌಡೇಶ್ ಎದ್ದು ನಿಂತು ಕಿಟಕಿ ನೋಡಿದ. ಬೆಳಕು ಎಡಗಡೆಯಿಂದ ಬೀಳುವಂತೆ ಗೋಡೆಯಿಂದ ಮೊಳ ಹಾಕುತ್ತಾ ಬಂದ. ಒಂದು, ಎರಡು, ಮೂರು. ಅಳತೆ ಮುಗಿದದ್ದು ಮಾರುತೇಶನ ಟೇಬಲ್ಲಿನ ಕೆಳಗೆ. ಟೇಬಲ್ಲಿನ ಒಂದು ತುದಿಗೆ ಚೌಡೇಶ್, ಇನ್ನೊಂದಕ್ಕೆ ನಿರ್ಮಲಾ ಕೈಹಾಕಿ, ಕರಾರು ಫೈಲು ಸಮೇತ ಎತ್ತಿ ಬಾಗಿಲಾಚೆ ಇಟ್ಟರು. ಕುರ್ಚಿಯಲ್ಲಿ ಮಾರುತೇಶ ಹಾಗೇ ಉಳಿದ, ಮುಂದೆ ಏನೂ ಇಲ್ಲದೆ.

"ಪೊಲೀಸ್ರನ್ನ ಕರೀತೀನಿ ಕಣಲೇ."

"ಕರೀರಿ. ತಡ ಮಾಡಿದ್ರೆ ಅವ್ರಿಗೂ ದಂಡ ಹಾಕ್ರಿ," ಅಂದು ಚೌಡೇಶ್ ಹಾರೆ ಎತ್ತಿದ.

ಮೊದಲ ಏಟಿಗೆ ಟೈಲ್ಸ್ ಬರೀ ಸದ್ದು ಮಾಡಿತು. ಎರಡನೆಯದಕ್ಕೆ ಬಿರುಕು ಎದ್ದು ಮಾರುತೇಶನ ಎರಡು ಬೂಟುಗಳ ನಡುವೆ ಹರಿಯಿತು. ಕೆಳಗೆ ಸಿಮೆಂಟಿನ ತೆಳು ಪದರ, ಅದರ ಕೆಳಗೆ ಮಣ್ಣು. ಒಂದು ಕೈಯಲ್ಲಿ ಫೋನ್ ಹಿಡಿದಿದ್ದ ಮಾರುತೇಶ ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡ.

ಚೌಡೇಶ್ ತಲೆಯೆತ್ತಲಿಲ್ಲ.

"ಕುರ್ಚಿ ಹಿಂದಕ್ಕೆ ಸರಿಸ್ಕೊಳ್ರಿ ಸಾವ್ಕಾರ್ರೇ. ಗುಂಡಿ ಸೊಂಟದ ಮಟ್ಟ ಇಳೀಬೇಕು."